ಅಕ್ಕ ಓದಿದ ಪುಸ್ತಕಗಳು, ಬರೆದ ಒಂದು ಪತ್ರ

ಗೇಣುದ್ದದ ಒಂದು ತೆಂಗಿನ ಕಡ್ಡಿ. ಅದರ ಒಂದು ತುದಿಯನ್ನು ಹಿತ್ತಲ ಕಲ್ಲಿಗೆ ಉಜ್ಜಿ ಉಜ್ಜಿ ನುಣುಪು ಮಾಡಿಕೊಂಡಿದ್ದರು. ಆ ತುದಿಯನ್ನು ಹಾಳೆಯ ಕೆಳಮೂಲೆಗೆ ತೂರಿಸಿ ಮಣಿಕಟ್ಟನ್ನು ತುಸು ಹೊರಳಿಸಿದರೆ ಸಾಕು, ಹಾಳೆ ಎದ್ದು ಆಚೆ ಬೀಳುತ್ತಿತ್ತು. ಪುಸ್ತಕ ನೆಲದ ಮೇಲೆ, ಅಕ್ಕ ಮಣೆಯ ಮೇಲೆ. ದಿನವಿಡೀ ಬಾವಿಯ ನೀರಿನಲ್ಲಿದ್ದು ತುದಿ ಬಿಳುಚಿ ಮುದುಡಿದ ಬೆರಳುಗಳು. ಬೋಳಿಸಿದ ತಲೆಯ ಮೇಲೆ ಹಣೆಯವರೆಗೆ ಎಳೆದ ಕೆಂಪು ಸೆರಗು. ಓದುವಾಗ ಸದ್ದಿಲ್ಲದೆ ಆಡುವ ತುಟಿಗಳು. ಇಷ್ಟು ವರ್ಷಗಳ ನಂತರವೂ ಅಕ್ಕ ಎಂದರೆ ನನಗೆ ಮೊದಲು ಆ ಕಡ್ಡಿ ಕಾಣುತ್ತದೆ, ಆಮೇಲೆ ಮುಖ.

ಅಕ್ಕ ಎಂದರೆ ನನ್ನ ಗಂಡನ ಅಕ್ಕ. ಎಪ್ಪತ್ತರ ದಶಕದ ನಡುವಿನಲ್ಲಿ ನಾನು ಧಾರವಾಡದಿಂದ ಮದುವೆಯಾಗಿ ಹಾನಗಲ್ಲಿನ ಆ ಮನೆಗೆ ಬಂದಾಗ ಅವರಿಗೆ ಮೂವತ್ತೆಂಟು. ಹದಿನೈದಕ್ಕೆ ಸವಣೂರಿನ ಗಂಡನ ಮನೆಗೆ ಹೋದವರು ಹದಿನಾರಕ್ಕೆ ತಿರುಗಿ ಬಂದಿದ್ದರು. ಸಂಸಾರ ಮಾಡಿದ್ದು ಹನ್ನೊಂದು ತಿಂಗಳು. ಗಂಡ ಅಲ್ಲಿನ ಕನ್ನಡ ಶಾಲೆಯಲ್ಲಿ ಮಾಸ್ತರು. ಇಪ್ಪತ್ತೆರಡನೆಯ ವಯಸ್ಸಿನಲ್ಲಿ ವಿಷಮಜ್ವರ ಬಂದು ತೀರಿಕೊಂಡರು. ಎತ್ತಿನ ಗಾಡಿ ಕಟ್ಟಿಕೊಂಡು ಹೋಗಿ ಅಕ್ಕನನ್ನು ತವರಿಗೆ ಕರೆತಂದವರು ಅವರ ಅಣ್ಣ, ಅಂದರೆ ನನ್ನ ಭಾವ. ಅದೇ ವಾರ ಕ್ಷೌರಿಕನನ್ನು ಹಿತ್ತಲಿಗೆ ಕರೆಸಿದವರೂ ಅವರೇ. ಆ ಕಾಲಕ್ಕೆ, ಆ ಮನೆತನಕ್ಕೆ ಅದು ವಿಶೇಷವೇನೂ ಆಗಿರಲಿಲ್ಲ ಎಂದು ಎಲ್ಲರೂ ಹೇಳುತ್ತಾರೆ. ನಾನೂ ಬಹಳ ದಿನ ಹಾಗೆಯೇ ಹೇಳುತ್ತಿದ್ದೆ.

ಭಾವ ಹಾನಗಲ್ಲಿನ ಕೋರ್ಟಿನಲ್ಲಿ ವಕೀಲರು. ಸಂಸ್ಕೃತ ಬಲ್ಲವರು, ಊರು ಗೌರವಿಸುವ ಮನುಷ್ಯ. ಅವರ ಹೆಂಡತಿ, ನನ್ನ ವೈನಿ, ಮಾತಿನಲ್ಲಿ ಒಳ್ಳೆಯವರು, ಮೈ ಬಗ್ಗಿಸುವುದರಲ್ಲಿ ಅಷ್ಟಕ್ಕಷ್ಟೆ. ನಮ್ಮವರು ಶಿಗ್ಗಾವಿಯಲ್ಲಿ ಹೈಸ್ಕೂಲ್ ಮಾಸ್ತರು. ಶನಿವಾರ ಮಧ್ಯಾಹ್ನದ ಬಸ್ಸಿಗೆ ಬಂದು ಸೋಮವಾರ ಬೆಳಿಗ್ಗೆ ಹೋಗುವರು. ಹೀಗೆ ವಾರದ ಐದು ದಿನ ನಾನು ಅತ್ತೆಮನೆಯಲ್ಲಿ ಒಬ್ಬಳೇ, ಹೊಸ ಸೊಸೆ, ಅಂಜುಬುರುಕಿ. ನನಗೆ ಆಸರೆಯಾಗಿದ್ದವರು ಅಕ್ಕ.

ಅಡುಗೆಮನೆ ಅಕ್ಕನದು. ಬೆಳಗಿನ ಜಾವ ಎದ್ದು ಮಡಿಯುಟ್ಟು ಒಲೆ ಹಚ್ಚಿದರೆ ದೇವರ ನೈವೇದ್ಯ, ಬಂದುಹೋಗುವವರು ಸೇರಿ ಹನ್ನೆರಡು ಜನರ ಊಟ, ಶ್ರಾದ್ಧಗಳಿದ್ದರೆ ಇಪ್ಪತ್ತು ಎಲೆಯ ಅಡುಗೆ, ಎಲ್ಲವೂ ಅವರ ಕೈಯಿಂದಲೇ ಆಗಬೇಕು. ಮದುವೆ ಮುಂಜಿಗಳಲ್ಲಿ ಅವರು ಎದುರಿಗೆ ಬರುವಂತಿರಲಿಲ್ಲ, ಹೂವು ಮುಟ್ಟುವಂತಿರಲಿಲ್ಲ, ಬಾಗಿನಕ್ಕೆ ಕೈ ಒಡ್ಡುವಂತಿರಲಿಲ್ಲ. ಆದರೆ ದೇವರು ಉಣ್ಣುತ್ತಿದ್ದದ್ದು ಅವರ ಕೈಯ ಅನ್ನವನ್ನು. ಆ ಮನೆಯಲ್ಲಿ ನಾನೂ ಒಬ್ಬಳು ಇದ್ದೇನೆ ಎನ್ನಲು ಅಕ್ಕನಿಗಿದ್ದ ಆಧಾರ ಅದೊಂದೇ, ಆ ಒಲೆ.

ಮಧ್ಯಾಹ್ನ ಎರಡರಿಂದ ನಾಲ್ಕು ಅವರ ಸ್ವಂತ ಹೊತ್ತು. ಭಾವ ಕೋರ್ಟಿನಲ್ಲಿ, ವೈನಿ ನಿದ್ದೆಯಲ್ಲಿ. ಹಿತ್ತಲ ಪಡಸಾಲೆಯಲ್ಲಿ ಅಕ್ಕ ಓದಲು ಕೂಡುವರು. ಮನೆಯಲ್ಲಿದ್ದ ಪುರಾಣ, ಹರಿಕಥೆಯ ಪುಸ್ತಕಗಳೆಲ್ಲ ಅವರಿಗೆ ಬಾಯಿಪಾಠವಾಗಿದ್ದವು. ಓದು ಕಲಿಸಿದವರು ಸವಣೂರಿನ ಮಾಸ್ತರು. ಹನ್ನೊಂದು ತಿಂಗಳಲ್ಲಿ ಹೆಂಡತಿಗೆ ಒತ್ತಕ್ಷರದವರೆಗೆ ಕಲಿಸಿ ಹೋಗಿದ್ದರು. "ಅವರು ಬಿಟ್ಟು ಹೋದದ್ದು ಇದೊಂದೇ ಆಸ್ತಿ. ಇದನ್ನ ಯಾರೂ ಕಸಗೋಳ್ಳಿಕ್ಕೆ ಬರೂದಿಲ್ಲ" ಎನ್ನುವರು ಅಕ್ಕ.

ಹೊಸ ಪುಸ್ತಕಗಳು ಮನೆಯೊಳಗೆ ಬಂದದ್ದು ನನ್ನಿಂದ. ಮದುವೆಯಾದ ಮರುವರ್ಷ ನಾನು ಗರ್ಭಿಣಿಯಾದೆ. ಹದಿನೈದು ದಿನಕ್ಕೊಮ್ಮೆ ದವಾಖಾನೆಯ ನರ್ಸಬಾಯಿಯ ಹತ್ತಿರ ಸೂಜಿಮದ್ದಿಗೆ ಹೋಗಬೇಕಿತ್ತು. ಆಕೆ ಕ್ರಿಶ್ಚಿಯನ್ನಳು, ಒಂಟಿ ಹೆಂಗಸು, ದವಾಖಾನೆಯ ಹಿಂದಿನ ಎರಡು ಕೋಣೆಯ ಮನೆಯಲ್ಲಿ ಇದ್ದಳು. ಅಲ್ಲಿ ಗೋಡೆಯ ಗೂಡಿನಲ್ಲಿ ಎರಡು ಸಾಲು ಪುಸ್ತಕ. ಹಾಳಾಗಬಾರದೆಂದು ಎಲ್ಲಕ್ಕೂ ಹಳೆ ಸೀರೆಯ ಬಟ್ಟೆಯಿಂದ ಅಂಗಿ ಹೊಲಿದು ತೊಡಿಸಿದ್ದಳು. ಮೇಲಿನ ಸಾಲಿನವು ಆಕೆಯ ಚರ್ಚಿನ ಸಭೆಯ ಹಿರಿಯರು ಕೊಟ್ಟ ತೆಳ್ಳನೆಯ ಪುಸ್ತಕಗಳು: ಚಿಂತೆ ಬಿಡುವುದು ಹೇಗೆ, ಕ್ಷಮಿಸುವುದು ಹೇಗೆ, ಅಗಲಿದವರ ದುಃಖ ತಾಳುವುದು ಹೇಗೆ. ಕೆಳಗಿನ ಸಾಲಿನವು ಹಾವೇರಿಯ ಬಸ್‌ಸ್ಟ್ಯಾಂಡಿನಲ್ಲಿ ಕೊಂಡವು: ಸತ್ತ ಪ್ರಿಯಕರ ತಿರುಗಿ ಬರುವ, ಬಾವಿಯಲ್ಲಿ ಬಿದ್ದವಳು ಗಂಡನ ಕನಸಿಗೆ ಬಂದು ಅಳುವ, ಹಾಳು ವಾಡೆಯಲ್ಲಿ ಗೆಜ್ಜೆ ಸಪ್ಪಳವಾಗುವ ಪ್ರೇಮದ ಕಾದಂಬರಿಗಳು.

"ಎರಡೂ ಓದ್ತೀರೇನ್ರಿ ನೀವು?" ಎಂದು ನಾನು ನಕ್ಕಿದ್ದೆ.

"ಓದ್ತೇನ್ರೀ ಬಾಯಾರ. ಮ್ಯಾಲಿನವು ಓದಿದ್ರ ಧೈರ್ಯ ಬರತೈತಿ, ಕೆಳಗಿನವು ಓದಿದ್ರ ಅಳು ಬರತೈತಿ. ಒಬ್ಬಾಕೀನ ಇರೋರಿಗೆ ಎರಡೂ ಬೇಕಾಗತೈತಿ" ಎಂದಳು.

ನಾನು ಒಂದೊಂದು ಸಾಲಿನಿಂದ ಒಂದೊಂದು ಎತ್ತಿಕೊಂಡು, ಚೀಲದಲ್ಲಿ ಸವತೆಕಾಯಿಯ ಕೆಳಗೆ ಮುಚ್ಚಿ ತಂದೆ. ಕ್ರಿಶ್ಚಿಯನ್ನರ ಪುಸ್ತಕ, ಅದರಲ್ಲೂ ದೆವ್ವದ ಕಥೆ. ಭಾವನಿಗೆ ಗೊತ್ತಾದರೆ ನನ್ನನ್ನು ಮುಂದಿನ ಬಸ್ಸಿಗೆ ಧಾರವಾಡಕ್ಕೆ ಹತ್ತಿಸುತ್ತಿದ್ದರು. ಅಕ್ಕನಿಗೆ ತೋರಿಸಿದಾಗ ಅವರು ಪುಸ್ತಕದ ಮೇಲಿನ ಬಟ್ಟೆಯನ್ನು ದೂರದಿಂದಲೇ ನೋಡಿದರು. ಮಡಿಯಲ್ಲಿರುವವರು ಮೈಲಿಗೆಯ ಅರಿವೆ ಮುಟ್ಟುವಂತಿಲ್ಲ. ಸ್ವಲ್ಪ ಹೊತ್ತು ಯೋಚಿಸಿ ಹಿತ್ತಲಿಗೆ ಹೋಗಿ ಕಸಬರಿಗೆಗೆ ಕಟ್ಟದ ಒಂದು ಹೊಸ ಕಡ್ಡಿ ತಂದರು.

"ಮುಟ್ಟಿದ್ರ ಮೈಲಿಗಿ. ನೋಡಿದ್ರೇನು? ಕಣ್ಣಿಗೆ ಮೈಲಿಗಿ ಇಲ್ಲ ಹುಡುಗಿ. ನೀ ತಗದು ನೆಲಕ್ಕ ಇಡು."

ಅಲ್ಲಿಂದ ಸುರುವಾಯಿತು. ಪುಸ್ತಕ ತೆಗೆದು ಇಡುವ ಕೆಲಸ ನನ್ನದು, ಹಾಳೆ ತಿರುವುವ ಕೆಲಸ ಕಡ್ಡಿಯದು. ಮುಗಿದ ಮೇಲೆ ಯಾವುದಕ್ಕೂ ಇರಲಿ ಎಂದು ಅಕ್ಕ ಎರಡು ಕೊಡ ನೀರು ಸುರಿದುಕೊಂಡು ಸಂಜೆಯ ದೀಪಕ್ಕೆ ಅಣಿಯಾಗುವರು.

ಅಕ್ಕ ಸುಮ್ಮನೆ ಓದುವವರಲ್ಲ, ಪುಸ್ತಕದ ಜೊತೆ ಜಗಳ ಆಡುವವರು. ದೆವ್ವದ ಕಾದಂಬರಿಗಳಲ್ಲಂತೂ ಅವರಿಗೆ ಹೆಜ್ಜೆಗೊಂದು ತಪ್ಪು ಕಾಣುತ್ತಿತ್ತು. ಒಂದು ಕಥೆಯಲ್ಲಿ ಸತ್ತ ಯುವಕ ಮಧ್ಯರಾತ್ರಿ ಬಂದು ನಾಯಕಿಯ ಕೈ ಹಿಡಿಯುತ್ತಾನೆ. ಅಕ್ಕ ಕಡ್ಡಿಯನ್ನು ಕೆಳಗಿಟ್ಟರು.

"ಬರದಾಂವಗ ಏನೂ ಗೊತ್ತಿಲ್ಲ ನೋಡು. ಪಿತೃಗಳು ಬರೂದು ಮಧ್ಯಾಹ್ನ. ಶ್ರಾದ್ಧ ಯಾವ ಹೊತ್ತಿಗೆ ಮಾಡ್ತಾರ? ರಾತ್ರಿ ಬರೂವು ಪಿಶಾಚಿ. ಮತ್ತ, ಸತ್ತಾಂವ ಬಂದ್ರ ಮೊದಲ ನೀರು ಕೇಳ್ತಾನ. ಅಷ್ಟು ದೂರದಿಂದ ಬಂದಿರ್ತಾನ. ಬಂದಕೂಡ್ಲೇ ಕೈ ಹಿಡೀತಾನಂತ! ಈಕಿನೂ ಭಾಳ ಶಾಣ್ಯಾಕಿ, ಒಂದು ತಂಬಿಗಿ ನೀರು ಕೊಡಲಿಲ್ಲ."

ನಾನು ಬಾಯಿಗೆ ಸೆರಗು ಒತ್ತಿಕೊಂಡು ನಕ್ಕೆ. ಅಕ್ಕ ನಗಲಿಲ್ಲ. ಮತ್ತೆ ಕಡ್ಡಿ ಎತ್ತಿಕೊಂಡು ಅದೇ ಪುಟವನ್ನು ಇನ್ನೊಮ್ಮೆ ಓದಿದರು. ಆಮೇಲೆ ತಲೆಯ ಸೆರಗನ್ನು ಮುಟ್ಟಿಕೊಂಡು ಕೇಳಿದರು: "ಅವರಿಗೆ ಇನ್ನೂ ಇಪ್ಪತ್ತೆರಡು. ನನಗ ಮೂವತ್ತೊಂಬತ್ತು. ಬಂದ್ರೂ ನನ್ನ ಗುರ್ತು ಹಿಡೀತಾರೇನು, ಈ ತಲಿ ನೋಡಿ?"

ಅಕ್ಕನ ಬಾಯಲ್ಲಿ 'ಅವರು' ಎಂದರೆ ಒಬ್ಬರೇ. ಹೆಸರು ಅವರು ಯಾವತ್ತೂ ಹೇಳಿದವರಲ್ಲ. ಗಂಡನ ಹೆಸರನ್ನು ನಮ್ಮ ಕಡೆ ಹೆಂಗಸರು ಹಾಗೆ ಹೇಳುವುದಿಲ್ಲ. ಹಬ್ಬ ಹರಿದಿನಗಳಲ್ಲಿ ಮುತ್ತೈದೆಯರು ಒತ್ತಾಯ ಮಾಡಿದಾಗ ಒಡಪಿನಲ್ಲಿ ಕೂಡಿಸಿ, ಪದ್ಯದ ಮರೆಯಲ್ಲಿ ಒಮ್ಮೆ ಹೇಳುವುದು. ಮದುವೆಯ ದಿನ ಎಲ್ಲರೂ ಕೂಡಿ ಕಾಡಿದಾಗ ಅಕ್ಕ ನಾಚಿ ಮುಖ ಮುಚ್ಚಿಕೊಂಡಿದ್ದರಂತೆ. "ಮುಂದಿನ ವರ್ಷದ ಪಂಚಮಿಗೆ ಹೇಳ್ತಾಳ ಬಿಡ್ರಿ" ಎಂದು ಮಾಸ್ತರು ಬಿಡಿಸಿದ್ದರಂತೆ. ಆ ಪಂಚಮಿಗಾಗಿ ಅಕ್ಕ ಒಂದು ಒಡಪು ಕಟ್ಟಿ ಇಟ್ಟುಕೊಂಡಿದ್ದರು. ಅಷ್ಟರಲ್ಲಿ ಹೇಳುವ ಅಧಿಕಾರವೇ ಹೋಯಿತು. ನನಗೊಬ್ಬಳಿಗೆ ಹೇಳಿರೆಂದು ಬೇಡಿಕೊಂಡರೂ ಹೇಳಲಿಲ್ಲ. ನಾನೂ ಈ ಬರಹದಲ್ಲಿ 'ನಮ್ಮವರು' ಎಂದೇ ಬರೆಯುತ್ತಿದ್ದೇನೆ ನೋಡಿ, ಕಾಲೇಜು ಮೆಟ್ಟಿಲು ಹತ್ತಿದವಳು.

ನರ್ಸಬಾಯಿಯ ಮೇಲಿನ ಸಾಲಿನ ಪುಸ್ತಕಗಳನ್ನು ಅಕ್ಕ ಬೇರೆಯೇ ರೀತಿ ಓದಿದರು. ಅವರ ದೇವರ ಹೆಸರು ಬಂದಲ್ಲಿ ತಾವು 'ಸ್ವಾಮಿ' ಎಂದು ಓದಿಕೊಂಡು ಮುಂದೆ ಹೋಗುವರು. ಪ್ರತಿ ಅಧ್ಯಾಯದ ಕೊನೆಗೆ ಒಂದು ಚೌಕದೊಳಗೆ, ಇಂದು ನೀನು ಇದನ್ನು ಮಾಡು, ಎಂದು ಒಂದು ಕೆಲಸ ಹೇಳಿರುತ್ತಿತ್ತು. ನಾನಾದರೆ ಅದನ್ನು ದಾಟಿ ಹೋಗುತ್ತಿದ್ದೆ. ವ್ರತ ನೇಮಗಳಲ್ಲೇ ಬೆಳೆದ ಅಕ್ಕನಿಗೆ ಅದು ವಿಧಿ. ಓದಿದ ಮೇಲೆ ಮಾಡಬೇಕು, ಮಾಡದಿದ್ದರೆ ಓದಿದ್ದು ಫಲಿಸದು. ಐದು ನಿಮಿಷ ಕಣ್ಣು ಮುಚ್ಚಿ ಕೂಡು ಎಂದಿದ್ದರೆ ಕೂತರು. ಬೇಸರ ಪಡಿಸಿದವರಿಗೆ ಒಂದು ಒಳ್ಳೆಯ ಮಾತು ಆಡು ಎಂದಿದ್ದ ದಿನ ವೈನಿಗೆ ಎದ್ದು ಹೋಗಿ, "ನಿನ್ನ ಕೂದಲು ಛಲೋ ಅವ" ಎಂದು ಹೇಳಿ ಬಂದರು. ವೈನಿ ಆ ಸಂಜೆಯೆಲ್ಲ ದಿಗಿಲಾಗಿ ಓಡಾಡಿದರು.

ಕ್ಷಮೆಯ ಪುಸ್ತಕದಲ್ಲಿ, ನಿನಗೆ ನೋವು ಮಾಡಿದವರ ಹೆಸರುಗಳನ್ನು ಬರೆ ಎಂದಿತ್ತು. ನಾನು ಹಾಳೆ, ಪೆನ್ಸಿಲ್ ತಂದಿಟ್ಟೆ.

"ಯಾರದು ಬರೀಲಿ? ಅಣ್ಣಂದೇ? ಅವ ಗಾಡಿಯೊಳಗ ದಾರಿ ತುಂಬ ಅತ್ತಾನ. ಜ್ವರದ್ದು ಬರೀಲೇನು? ಆ ಕ್ಷೌರಿಕಂದು ಬರೀಲೇನು? ಅವ ಪಾಪ, ಕತ್ತಿ ಬಾಜೂಕಿಟ್ಟ. ನೀರು ತಣ್ಣಗವ, ಕಾಸಿ ತರ್ರಿ ಅಂದ." ಹಾಳೆಯನ್ನು ಖಾಲಿಯೇ ನನ್ನ ಕಡೆ ಕಡ್ಡಿಯಿಂದ ನೂಕಿದರು.

ಮೂರನೆಯದು ಅಗಲಿದವರ ದುಃಖದ ಪುಸ್ತಕ. ಅದರ ಕೊನೆಯ ಚೌಕದಲ್ಲಿ ಮೂರು ಕೆಲಸ ಹೇಳಿದ್ದರು. ಹೋದವರಿಗೆ ಹೇಳದೆ ಉಳಿದದ್ದನ್ನೆಲ್ಲ ಪತ್ರ ಬರೆ. ಒಬ್ಬಳೇ ಇದ್ದಾಗ ಗಟ್ಟಿಯಾಗಿ ಓದು. ಆಮೇಲೆ ಅದನ್ನು ಬೆಂಕಿಗೆ ಹಾಕಿ ದೇವರಿಗೆ ಒಪ್ಪಿಸಿಬಿಡು. ಮರುದಿನ ಅಕ್ಕ ತಾವಾಗಿ ಹಾಳೆ ಕೇಳಿದರು. ನನ್ನ ಹಳೆಯ ನೋಟುಬುಕ್ಕಿನಿಂದ ಒಂದು ಜೋಡು ಹಾಳೆ ಹರಿದು ಕೊಟ್ಟೆ. ಬಾವಿಯ ಕಟ್ಟೆಯ ಹತ್ತಿರ ಕೂತು ನಾಲ್ಕು ಮಧ್ಯಾಹ್ನ ಬರೆದರು. ಐದನೆಯ ದಿನ ನಾನು ಅಡುಗೆಮನೆಯ ಬಾಗಿಲಲ್ಲಿದ್ದಾಗ ಹಿತ್ತಲಿಂದ ಅವರ ದನಿ ಕೇಳಿತು. ಏನು ಓದಿದರೆಂದು ತಿಳಿಯಲಿಲ್ಲ. ದನಿ ಮಾತ್ರ ಹದಿನಾರು ವರ್ಷದವಳದು.

"ಸುಟ್ಟಿರೇನ್ರಿ ಅಕ್ಕಾ?" ಎಂದು ಸಂಜೆ ಕೇಳಿದೆ.

"ಎಲ್ಲೆ ಸುಡಲಿ? ಈ ಒಲಿ ದೇವರದು. ಬಚ್ಚಲ ಒಲಿಯೊಳಗ ಸುಡಲೇನು ಅವರ ಪತ್ರಾ?" ಕಟ್ಟಿಗೆ ಒಳಗೆ ಸರಿಸಿ ಅಂದರು: "ಒಮ್ಮೆ ಸುಟ್ಟದ್ದು ಸಾಲದೇನು, ಹುಡುಗಿ?"

ಪತ್ರವನ್ನು ಅವರು ಹಳೆಯ ಪಂಚಾಂಗಗಳ ಕಟ್ಟಿನಲ್ಲಿ, ಗಂಡ ತೀರಿಕೊಂಡ ವರ್ಷದ ಪಂಚಾಂಗದೊಳಗೆ ಇಟ್ಟರು. ಆ ಕಟ್ಟನ್ನು ವರ್ಷಗಟ್ಟಲೆ ಯಾರೂ ಬಿಚ್ಚಿದ್ದಿಲ್ಲ.

ಬಿಚ್ಚಿದ್ದು ಒಂದೂವರೆ ತಿಂಗಳ ಮೇಲೆ. ಯಾರದೋ ಜಾತಕಕ್ಕೆ ಹಳೆಯ ತಿಥಿ ನೋಡಬೇಕಾಗಿ ಒಂದು ರವಿವಾರ ಭಾವ ಕಟ್ಟನ್ನು ಎಳೆದರು. ದಾರ ಹರಿದು ಪಂಚಾಂಗಗಳೆಲ್ಲ ಪಡಸಾಲೆಯ ತುಂಬ ಬಿದ್ದವು. ಪತ್ರ ಜಾರಿ ಅವರ ಕಾಲ ಹತ್ತಿರ ಬಂತು. ಯಾವ ವರ್ಷದ ಪಂಚಾಂಗದಿಂದ ಅದು ಬಿತ್ತು ಎಂದು ಒಮ್ಮೆ ಬಗ್ಗಿ ನೋಡಿದ್ದರೆ ಮುಗಿದುಹೋಗುತ್ತಿತ್ತು. ದೊಡ್ಡ ವಕೀಲರು, ಪತ್ರವನ್ನಷ್ಟೇ ನೋಡಿದರು.

ಆ ದಿನ ನಮ್ಮವರು ಅಕ್ಕಿಆಲೂರಿಗೆ ಯಾರದೋ ಮುಂಜಿಗೆ ಹೋಗಿದ್ದರು. ಭಾವ ಅಕ್ಕನನ್ನು ಪಡಸಾಲೆಗೆ ಕರೆದರು. ವೈನಿ ಕಂಬದ ಹತ್ತಿರ, ನಾನು ಒಳಬಾಗಿಲ ಹಿಂದೆ, ಏಳು ತಿಂಗಳ ಹೊಟ್ಟೆ ಹೊತ್ತು. ಭಾವ ಪತ್ರವನ್ನು ಗಟ್ಟಿಯಾಗಿ ಓದಿದರು. ಕೋರ್ಟಿನಲ್ಲಿ ಓದುವ ದನಿಯೇ.

"ಅವರಿಗೆ ನಮಸ್ಕಾರ. ಇಷ್ಟು ದಿವಸ ಬರೀಲಿಲ್ಲ, ಸಿಟ್ಟು ಮಾಡಬ್ಯಾಡ್ರಿ. ಏಕಾದಶಿ ದಿನ ನನಗ ಒಲಿ ಕೆಲಸ ಇರೂದಿಲ್ಲ. ಮಧ್ಯಾಹ್ನ ಎಲ್ಲಾರೂ ಹೊರಗ ಇಲ್ಲಾ ನಿದ್ದಿಯೊಳಗ ಇರ್ತಾರ. ಹಿತ್ತಲ ಬಾಗಲದ ಚಿಲಕಾ ತಗದಿಟ್ಟಿರ್ತೇನಿ. ಮೊದಲಿನ್ಹಂಗ ಒಮ್ಮೆ ಕೆಮ್ಮಿ ಒಳಗ ಬರ್ರಿ. ನನ್ನ ನೋಡಿ ಅಂಜಬ್ಯಾಡ್ರಿ. ನೀರು ತುಂಬಿಟ್ಟಿರ್ತೇನಿ."

ಎರಡೂ ಸಾಲಿನ ಪುಸ್ತಕಗಳು ಆ ಪತ್ರದೊಳಗೆ ಇದ್ದವು. ಬರೆ ಎಂದದ್ದು ಒಂದು, ಚಿಲಕ ತೆಗೆದಿಡು ಎಂದದ್ದು ಇನ್ನೊಂದು. ಅದು ಗೊತ್ತಿದ್ದವಳು ಆ ಮನೆಯಲ್ಲಿ ನಾನೊಬ್ಬಳೇ.

"ಮೊದಲಿನ್ಹಂಗ ಅಂದ್ರ? ಎಷ್ಟು ದಿವಸದಿಂದ ನಡದದ ಇದು?" ಭಾವ ಕೇಳಿದರು. ಅಕ್ಕ ನೆಲ ನೋಡುತ್ತಿದ್ದರು.

"ಯಾರಂವಾ? ಹೆಸರು ಹೇಳು."

"ಅವರಿಗೇ ಬರದದ್ದು, ಅಣ್ಣಾ."

"ಅವರು ಅಂದ್ರ ಯಾರು ಅಂತ ಕೇಳ್ಲಿಕ್ಕತ್ತೇನಿ. ಹೆಸರು ಹೇಳು!"

ಅಕ್ಕ ಬಾಯಿ ತೆರೆದರು. ತುಟಿ ಆಡಿದ್ದು ನನಗೆ ಕಾಣಿಸಿತು. ಇಪ್ಪತ್ತಮೂರು ವರ್ಷ ಬಾಯಿಗೆ ಬರದ ಹೆಸರು ಗದರಿಸಿದ ಕೂಡಲೇ ಎಲ್ಲಿಂದ ಬರಬೇಕು? ತೀರಿಕೊಂಡ ಗಂಡ ಎಂದಾದರೂ ಹೇಳಬಹುದಿತ್ತು. ಆಗ ಮುಂದಿನ ಪ್ರಶ್ನೆ ಬರುತ್ತಿತ್ತು: ಸತ್ತವರಿಗೆ ಪತ್ರ ಬರೆಯುವುದನ್ನು ನಿನಗೆ ಕಲಿಸಿದವರು ಯಾರು? ಯಾವ ಪುಸ್ತಕ? ಯಾರು ತಂದದ್ದು? ಅಕ್ಕ ತಲೆಯೆತ್ತಿ ಒಳಬಾಗಿಲ ಕಡೆ ನೋಡಿದರು. ನನ್ನ ಮುಖ ನೋಡಿದರು, ಆಮೇಲೆ ಹೊಟ್ಟೆ ನೋಡಿದರು. ಮತ್ತೆ ನೆಲಕ್ಕೆ ಕಣ್ಣು ಇಳಿಸಿ ಅಂದರು:

"ನಾ ಹೆಸರು ಹೇಳೂದಿಲ್ಲ, ಅಣ್ಣಾ."

ಅವರ ಮಟ್ಟಿಗೆ ಅದು ಹೆಂಡತಿಯ ನೇಮ. ಭಾವನ 'ಕೋರ್ಟಿ'ಗೆ ಅದು ತಪ್ಪೊಪ್ಪಿಗೆ.

ನಾನು ಹೇಳಬಹುದಿತ್ತು. ಎರಡು ಹೆಜ್ಜೆ ಮುಂದೆ ಬಂದು ಒಂದು ಮಾತು. ಭಾವ ತಮ್ಮನ ಹೆಂಡತಿಯೊಡನೆ ನೇರವಾಗಿ ಮಾತಾಡುವ ರೂಢಿ ಆ ಮನೆಯಲ್ಲಿರಲಿಲ್ಲ; ಹೇಳುವುದಿದ್ದರೆ ವೈನಿಯ ಕಡೆ ಮುಖ ಮಾಡಿ ಹೇಳುವರು, ನಾನೂ ವೈನಿಗೇ ಉತ್ತರ ಹೇಳಬೇಕು. ಆ ರೂಢಿಯನ್ನು ನಾನು ಆ ದಿನ ಗಟ್ಟಿಯಾಗಿ ಹಿಡಿದುಕೊಂಡೆ. ಕದದ ಹಿಂದೆ ನಿಂತೇ ಇದ್ದೆ.

ಭಾವ ಕೆಟ್ಟವರಲ್ಲ. ಕೈ ಎತ್ತಲಿಲ್ಲ, ಮನೆಯಿಂದ ಹೊರಗೆ ಹಾಕಲಿಲ್ಲ. ದನಿ ಇಳಿಸಿ, "ಇನ್ನ ಮ್ಯಾಲೆ ನೀ ಒಲಿ ಮುಟ್ಟಬ್ಯಾಡ" ಎಂದಷ್ಟೇ ಹೇಳಿದರು. ಅಕ್ಕ ಒಮ್ಮೆ ಅಡುಗೆಮನೆಯ ಕಡೆ ತಿರುಗಿದರು. ಅಲ್ಲಿ ಹಾಲು ಉಕ್ಕುವ ಸಪ್ಪಳವಾಗುತ್ತಿತ್ತು. ಎದ್ದು ಇಳಿಸಲೇ ಬೇಡವೇ ಎಂದು ತಿಳಿಯದೆ ಅವರ ಕೈ ಎರಡು ಸಲ ಮಂಡಿಯಿಂದ ಎದ್ದು ಎರಡು ಸಲ ಮಂಡಿಗೆ ಹೋಯಿತು. ಹಾಲು ಉಕ್ಕಿ ಒಲೆ ಆರಿತು.

ಅಂದೇ, ಓಣಿಗೆ ತೆರೆಯುವ ಹಿತ್ತಲ ಬಾಗಿಲಿಗೆ ಕೀಲಿ ಬಿತ್ತು. ಕೀಲಿಕೈಯನ್ನು ಭಾವ ಜನಿವಾರಕ್ಕೆ ಕಟ್ಟಿಕೊಂಡರು. ಪತ್ರವನ್ನು ಬಚ್ಚಲ ಒಲೆಗೆ ಹಾಕಿದರು. ಅಕ್ಕನಿಗೆ ಹಿತ್ತಲ ಕಡೆಯ ಕಟ್ಟಿಗೆ ಕೋಣೆ. ಊಟ ಅಲ್ಲಿಗೇ, ವೈನಿ ದೂರದಿಂದ ಇಟ್ಟು ಬರುವುದು. ಬಂದವರು ಕೇಳಿದರೆ ಮಂಡಿನೋವು, ಅಡುಗೆ ಆಗುವುದಿಲ್ಲ ಎಂದು ಹೇಳುವುದು. ಅಕ್ಕನ ಕೋಣೆಗೆ ಕಾಗದದ ಚೂರು ಕೂಡ ಹೋಗಬಾರದು.

ನಾನು ಕದ್ದು ಕೋಣೆಗೆ ಹೋಗಿ ಅತ್ತೆ. "ನಾ ಹೇಳ್ತೇನ್ರಿ ಅಕ್ಕಾ, ಈಗ ಹೋಗಿ ಹೇಳ್ತೇನಿ" ಎಂದೆ.

"ಬ್ಯಾಡ. ನಿನ್ನ ತವರಿಗೆ ಕಳಸ್ತಾರ. ಕೂಸಿನ ಗತಿ ಏನು? ನಂದೇನದ, ಒಂದು ಹೊಟ್ಟಿ" ಎಂದರು. ಆಮೇಲೆ ಬಾಗಿಲ ಕಡೆ ನೋಡಿ, "ಕೀಲಿ ಹಾಕ್ಯಾರಂತ. ಅವರು ಬಂದು ತಿರುಗಿ ಹೋಗ್ತಾರ" ಎಂದರು. ನಿಜವಾಗಿ ನಂಬಿ ಹೇಳಿದರೋ, ಕಥೆಯ ಮಾತು ಬಾಯಿಗೆ ಬಂತೋ, ನನಗೆ ಇವತ್ತಿಗೂ ಗೊತ್ತಿಲ್ಲ.

ಅಕ್ಕ ಬೇಡವೆಂದದ್ದು ನನಗೆ ಬಹಳ ಅನುಕೂಲವಾಯಿತು. ಅದನ್ನು ಇಲ್ಲಿ ಒಪ್ಪಿಕೊಳ್ಳದಿದ್ದರೆ ಈ ಬರಹಕ್ಕೆ ಅರ್ಥವಿಲ್ಲ. ಪುಸ್ತಕಗಳನ್ನು ನರ್ಸಬಾಯಿಗೆ ತಿರುಗಿ ಕೊಟ್ಟುಬಂದೆ. ಕೆಲವೇ ದಿನಗಳಲ್ಲಿ ಆಕೆಗೆ ಹಿರೇಕೆರೂರಿಗೆ ವರ್ಗವಾಯಿತು, ಸಾಕ್ಷಿ ದೂರವಾಯಿತೆಂದು ಉಸಿರು ಬಿಟ್ಟೆ. ಹೆರಿಗೆಯಾಗಿ ಮಗುವಿಗೆ ವರ್ಷ ತುಂಬಿದ ಮೇಲೆ ನಮ್ಮವರು ಶಿಗ್ಗಾವಿಯಲ್ಲಿ ಮನೆ ಮಾಡಿದರು, ನಾನೂ ಅಲ್ಲಿಗೆ ಹೋದೆ. ಮೂರನೆಯ ವರ್ಷ ಧೈರ್ಯ ಮಾಡಿ ಅವರಿಗೆ ಎಲ್ಲ ಹೇಳಿದೆ. "ಈಗ ಎಬ್ಬಿಸಬ್ಯಾಡ ಅದನ್ನ. ಅಣ್ಣಗ ತಡಕೋಳ್ಳಿಕ್ಕೆ ಆಗೂದಿಲ್ಲ" ಎಂದರು. ಎಲ್ಲರೂ ಒಬ್ಬರನ್ನೊಬ್ಬರು ಕಾಪಾಡಿಕೊಂಡೆವು. ಅಕ್ಕ ಕಟ್ಟಿಗೆ ಕೋಣೆಯಲ್ಲಿ ಉಳಿದರು.

ಶಾಲೆಯ ಸೂಟಿಗೆ ಹಾನಗಲ್ಲಿಗೆ ಹೋದಾಗಲೆಲ್ಲ ಅವರ ಹತ್ತಿರ ಕೂಡುತ್ತಿದ್ದೆ. ಕೈಬೆರಳುಗಳು ಈಗ ಒಣಗಿ ಕಪ್ಪಾಗಿದ್ದವು, ನೀರಿನ ಕೆಲಸವಿರಲಿಲ್ಲ. ಕಡ್ಡಿ ಮಾತ್ರ ಸೊಂಟದಲ್ಲಿ ಸಿಕ್ಕಿಸಿಕೊಂಡಿರುತ್ತಿದ್ದರು. ಒಮ್ಮೆ ನಾನು ಒಂದು ಪುಸ್ತಕ ಮುಚ್ಚಿ ತಂದಿದ್ದೆ. ತೆಗೆಯಗೊಡಲಿಲ್ಲ. "ಎಲ್ಲಾ ಬಾಯಿಪಾಠ ಅವ" ಎಂದು ಹಳೆಯ ದೆವ್ವದ ಕಥೆಯನ್ನೇ ಹೇಳತೊಡಗಿದರು. ಹೇಳುತ್ತ ಹೇಳುತ್ತ ನೆಲದ ಮೇಲೆ, ಪುಸ್ತಕವಿಲ್ಲದ ಜಾಗದಲ್ಲಿ, ಪುಟಕ್ಕೊಮ್ಮೆ ಕಡ್ಡಿ ತಿರುವುವರು. ಕಥೆ ಬದಲಾಗಿತ್ತು. ಯುವಕ ಮಧ್ಯಾಹ್ನ ಬರುತ್ತಿದ್ದ. ಬಾಗಿಲಲ್ಲಿ ಕೆಮ್ಮುತ್ತಿದ್ದ. ಮೊದಲು ನೀರು ಕೇಳುತ್ತಿದ್ದ. ಆಕೆ ತಂಬಿಗೆ ಕೊಟ್ಟ ಮೇಲೆ ಒಂದೇ ಗುಟುಕಿಗೆ ಕುಡಿದು, "ಇನ್ನೂ ಬೇಕು" ಎನ್ನುತ್ತಿದ್ದ. ಕೈ ಹಿಡಿಯುವ ಜಾಗ ಆ ಕಥೆಯಲ್ಲಿ ಎಲ್ಲಿಯೂ ಬರಲಿಲ್ಲ.

ಒಂಬತ್ತನೆಯ ವರ್ಷ ಅಕ್ಕನಿಗೆ ಹೊಟ್ಟೆಯಲ್ಲಿ ಗಡ್ಡೆ ಬೆಳೆಯಿತು. ಪತ್ರ ಬಂದು ನಾನು ಶಿಗ್ಗಾವಿಯಿಂದ ಬರುವಷ್ಟರಲ್ಲಿ ಗುರುತು ಸಿಗದಷ್ಟು ಇಳಿದಿದ್ದರು. ನಲವತ್ತೆಂಟು ವಯಸ್ಸು, ಎತ್ತಿದರೆ ಕೂಸಿನ ಭಾರ. ಮೂರನೆಯ ದಿನ ಬೆಳಿಗ್ಗೆ ನನ್ನನ್ನು ಹತ್ತಿರ ಕರೆದು, "ಹಿತ್ತಲ ಬಾಗಲದ ಹತ್ರ ಒಂದು ತಂಬಿಗಿ ನೀರು ಇಡು" ಎಂದರು. ಕೀಲಿ ಹಾಕಿದ ಬಾಗಿಲು ಎಂದು ನಾನು ಹೇಳಲಿಲ್ಲ. ತುಂಬಿಸಿ ಇಟ್ಟು ಬಂದೆ. ಹನ್ನೊಂದರ ಸುಮಾರಿಗೆ ಉಸಿರು ನಿಂತಿತು.

ಒಂಬತ್ತು ವರ್ಷದ ಮೇಲೆ ಅಕ್ಕನನ್ನು ಪಡಸಾಲೆಗೆ ತಂದು ಮಲಗಿಸಿದರು. ಪುರೋಹಿತರು ಬಂದರು. ಭಾವನೇ ಕರ್ಮ ಮಾಡಬೇಕು. ಮಿಂದು ಒದ್ದೆ ಪಂಚೆಯಲ್ಲಿ, ಬೆರಳಿಗೆ ದರ್ಭೆ ಹಾಕಿಕೊಂಡು ಕೂತರು. ನಾನು ಅದೇ ಒಳಬಾಗಿಲ ಹತ್ತಿರ ನಿಂತಿದ್ದೆ. ಪುರೋಹಿತರು ಗೋತ್ರ ಕೇಳಿದರು. ಭಾವ ಹೇಳಿದರು. "ಇವರ ಯಜಮಾನರ ಹೆಸರು ಹೇಳ್ರಿ" ಎಂದರು. ಭಾವ ಹೇಳಿದರು.

ಆ ಮನೆಯಲ್ಲಿ ಆ ಹೆಸರು ನನ್ನ ಕಿವಿಗೆ ಬಿದ್ದದ್ದು ಅದೇ ಮೊದಲು. ನಾಲ್ಕಕ್ಷರದ ಸಣ್ಣ ಹೆಸರು.

"ಆ ಪತ್ರಾ ಇವರಿಗೇ ಬರದದ್ದು" ಎಂದೆ.

ದನಿ ನನ್ನದೇ ಎಂದು ತಿಳಿಯಲು ನನಗೂ ಸ್ವಲ್ಪ ಹೊತ್ತು ಹಿಡಿಯಿತು. ಪುರೋಹಿತರು ಮಂತ್ರ ನಿಲ್ಲಿಸಿದರು. ನಾನು ಬಾಗಿಲು ದಾಟಿ ಬಂದು ಎಲ್ಲ ಹೇಳಿದೆ: ನರ್ಸಬಾಯಿಯ ಪುಸ್ತಕ, ಚೌಕದಲ್ಲಿದ್ದ ಮಾತು, ನಾನೇ ಕೊಟ್ಟ ಹಾಳೆ, ಪಂಚಾಂಗದ ವರ್ಷ. ವೈನಿ ಬಾಯಿ ಮೇಲೆ ಕೈ ಇಟ್ಟುಕೊಂಡಿದ್ದರು. ಭಾವ ದರ್ಭೆಯ ಬೆರಳನ್ನೇ ನೋಡುತ್ತಿದ್ದರು. ಆಮೇಲೆ ತಲೆಯೆತ್ತಿ, ವೈನಿಯ ಕಡೆಗಲ್ಲ, ನೇರ ನನ್ನ ಕಡೆ ನೋಡಿ, ಜೀವಮಾನದಲ್ಲಿ ಮೊದಲ ಸಲ ನನ್ನೊಡನೆ ಮಾತಾಡಿದರು.

"ಒಂಬತ್ತು ವರ್ಷ ಯಾಕ ಸುಮ್ಮನಿದ್ದಿ?"

ಭಾವ ಎದ್ದರು. ಜನಿವಾರದ ಗಂಟಿನಿಂದ ಕೀಲಿಕೈ ಬಿಚ್ಚಲು ಹೋದರು, ಒದ್ದೆ ನೂಲು ಬಿಗಿದಿತ್ತು, ಬಹಳ ಹೊತ್ತು ಹಿಡಿಯಿತು. ಹಿತ್ತಲ ಬಾಗಿಲ ಹತ್ತಿರ ಹೋದವರು ಅಲ್ಲಿಯೇ ನಿಂತರು. ನಾನು ಹಿಂದೆ ಹೋದೆ. ಹೊಸ್ತಿಲ ಪಕ್ಕದಲ್ಲಿ ತುಂಬಿದ ತಂಬಿಗೆ.

"ಇದು ಯಾರಿಗೆ?" ಎಂದರು.

"ಅವರಿಗೆ" ಎಂದೆ.

ಈ ಸಲ ಭಾವ ಹೆಸರು ಕೇಳಲಿಲ್ಲ. ಕೀಲಿ ತೆಗೆದು ಬಾಗಿಲ ಎರಡೂ ಕದಗಳನ್ನು ಗೋಡೆಗೆ ಮುಟ್ಟುವಂತೆ ತೆರೆದರು. ಹೊರಗೆ ಮಧ್ಯಾಹ್ನದ ಬಿಸಿಲು. ತಂಬಿಗೆಯನ್ನು ಎರಡೂ ಕೈಯಿಂದ ಎತ್ತಿ ಹೊಸ್ತಿಲ ಆಚೆ ಇಟ್ಟು, ಸ್ವಲ್ಪ ಸರಿದು, ದಾರಿ ಬಿಟ್ಟು ನಿಂತರು.

ಕಡ್ಡಿಯನ್ನು ನಾನು ಅಕ್ಕನ ಜೊತೆ ಹೋಗಗೊಡಲಿಲ್ಲ, ನನ್ನ ಹತ್ತಿರ ಇದೆ. ಭಾವ, ವೈನಿ, ನಮ್ಮವರು ಎಲ್ಲರೂ ಹೋದ ಮೇಲೆ ಇದನ್ನು ಬರೆಯಲು ಕೂತೆ. ಆ ಚೌಕದಲ್ಲಿ ಮೂರು ಕೆಲಸ ಹೇಳಿದ್ದರು. ಬರೆದದ್ದಾಯಿತು. ಇವತ್ತು ಮಧ್ಯಾಹ್ನ, ಮನೆಯಲ್ಲಿ ಯಾರೂ ಇಲ್ಲದಾಗ, ಮೊದಲಿಂದ ಕೊನೆಯವರೆಗೆ ಗಟ್ಟಿಯಾಗಿ ಓದಿದೆ. ಸುಡುವುದೊಂದು ಉಳಿದಿದೆ. ಅದು ಅಕ್ಕನ ಕೈಯಿಂದ ಆಗಲಿಲ್ಲ, ನನ್ನ ಕೈಯಿಂದಲೂ ಆಗುವುದಿಲ್ಲ.